ಗಂಡ ಬರೆದಿಟ್ಟ ದೂರಿನ ಪಟ್ಟಿ

(ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಸುಮಾಗೆ 32 ವರ್ಷ. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ ಇದೆ ಎಂದು ಗೊತ್ತಾಗಿ ಎರಡು ವರ್ಷವಾಗಿದೆ. ಮೊದಲು ಒಂದು ಕಣ್ಣು ಮಂಜಾಗಿತ್ತು, ಹೊರಳಿಸಿದರೆ ನೋವು. ಅದು ಸರಿಹೋಯಿತು. ಆಮೇಲೆ ಕಾಲಿಗೆ ಜೋಮು ಹಿಡಿದು ವಾರಗಟ್ಟಲೆ ಬಿಡಲಿಲ್ಲ. ಈಗ ಓಡಾಡುತ್ತಾರೆ, ಕೆಲಸಕ್ಕೂ ಹೋಗುತ್ತಾರೆ. ನೋಡಿದವರಿಗೆ ಏನೂ ಆಗಿಲ್ಲ ಅನ್ನಿಸುತ್ತದೆ. ಜಗಳ ಶುರುವಾಗಿದ್ದೇ ಅಲ್ಲಿ. ಗಂಡ ಹೆಂಡತಿ ಇಬ್ಬರೂ ಸಲಹೆ ಕೇಳಲು ನನ್ನ ಹತ್ತಿರ ಬಂದರು.

"ಮೇಡಂ, ನಿನ್ನೆ ಚೆನ್ನಾಗೇ ಇದ್ದಳು. ಇವತ್ತು ಏಳೋಕೇ ಆಗಲ್ಲ ಅಂತಾಳೆ. ನಾನು ಯಾವುದನ್ನ ನಂಬಲಿ?" ಎಂದರು ಗಂಡ ಪ್ರಕಾಶ್. ಫೋನ್ ತೆಗೆದು ಒಂದು ಪಟ್ಟಿ ತೋರಿಸಿದರು. ಹೆಂಡತಿ ಯಾವತ್ತು ಏನು ಮಾಡಿದಳು, ಏನು ಮಾಡಲಿಲ್ಲ ಅಂತ ಒಂದು ತಿಂಗಳಿಂದ ಬರೆದಿಟ್ಟಿದ್ದರು! ಸುಮಾ ಮುಖ ತಿರುಗಿಸಿ ಕೂತರು. ನನಗೂ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಆದರೂ, "ಜೋರಾಗಿ ಓದಿ, ಒಂದು ದಿನಾನೂ ಬಿಡಬೇಡಿ" ಅಂದೆ.

"ಶನಿವಾರ, ಗೆಳತಿ ಮನೆಗೆ ಹೋದಳು, ಸಂಜೆವರೆಗೆ ಹರಟೆ. ಭಾನುವಾರ, ಮಧ್ಯಾಹ್ನದವರೆಗೆ ಹಾಸಿಗೆ. ಬುಧವಾರ, ಇಡೀ ಮನೆ ಒರೆಸಿದಳು. ಗುರುವಾರ, ಬಟ್ಟೆ ಮಡಚಲಿಲ್ಲ, ಮಾತೂ ಆಡಲಿಲ್ಲ..."

ಮೂರನೇ ವಾರಕ್ಕೆ ಬರುವಷ್ಟರಲ್ಲಿ ಅವರ ದನಿ ಇಳಿಯಿತು. ಓದುವುದನ್ನು ನಿಲ್ಲಿಸಿ ಮತ್ತೆ ಮೊದಲಿಂದ ನೋಡಿದರು. ಜಾಸ್ತಿ ಓಡಾಡಿದ ದಿನದ ಮರುದಿನವೇ ಸುಮಾ ಸೋತಿದ್ದರು.

ಆಗ ವಿವರಿಸಿದೆ. ನರಗಳ ಮೇಲೆ ಮಯಲಿನ್ ಅನ್ನುವ ಹೊದಿಕೆ ಇರುತ್ತದೆ. ಎಂಎಸ್‌ನಲ್ಲಿ ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಮೆದುಳು, ಬೆನ್ನುಹುರಿ, ಕಣ್ಣಿನ ನರದಲ್ಲಿರುವ ಈ ಹೊದಿಕೆಯನ್ನು ಹಾಳು ಮಾಡುತ್ತದೆ. ಸಂದೇಶ ನಿಧಾನವಾಗುತ್ತದೆ, ಕೆಲವು ಕಡೆ ನಿಂತೇ ಹೋಗುತ್ತದೆ. ಇದರಲ್ಲಿ ಬರುವ ಸುಸ್ತು ನಮ್ಮ ನಿಮ್ಮ ಸುಸ್ತಲ್ಲ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರೂ ಹೋಗದೆ ಇರಬಹುದು. "ಸ್ವಲ್ಪ ಮನಸ್ಸು ಗಟ್ಟಿ ಮಾಡ್ಕೋ" ಅಂದರೆ ಹೋಗುವಂಥದ್ದಂತೂ ಅಲ್ಲವೇ ಅಲ್ಲ.

ಸುಮಾ ಒಂದು ವಿಷಯ ಬಚ್ಚಿಟ್ಟಿದ್ದರು. ಬಿಸಿನೀರಿನ ಸ್ನಾನ ಮಾಡಿದಾಗ ಆ ಹಳೆಯ ಕಣ್ಣು ಮತ್ತೆ ಮಂಜಾಗುತ್ತಿತ್ತು. ಕುರುಡಾಗುತ್ತೇನೆ ಎಂದು ಬಾತ್‌ರೂಮಿನಲ್ಲೇ ಅತ್ತು, ಮುಖ ತೊಳೆದು ಹೊರಗೆ ಬರುತ್ತಿದ್ದರು. ಮೈ ದಣಿದಾಗ ಎಂಎಸ್ ಇರುವವರ ಕಣ್ಣು ಹೀಗೆ ಮಂಜಾಗುತ್ತದೆ ಎಂದು ಊಟ್‌ಹಾಫ್ ಎಂಬ ಜರ್ಮನ್ ಕಣ್ಣಿನ ವೈದ್ಯರು 1890ರಲ್ಲೇ ಬರೆದಿದ್ದರು. ಮೈ ಬಿಸಿಯಾಗುವುದೇ ಇದಕ್ಕೆ ಕಾರಣ ಎಂದು ಆಮೇಲೆ ಗೊತ್ತಾಯಿತು. ಮೈ ತಣ್ಣಗಾದರೆ ಸರಿಹೋಗುತ್ತದೆ, ಹೊಸ ಹಾನಿಯೇನೂ ಆಗಿರುವುದಿಲ್ಲ. ಜ್ವರ, ಸೋಂಕು ಏನೂ ಇಲ್ಲದೆ ಹೊಸ ತೊಂದರೆ 24 ಗಂಟೆಗಿಂತ ಜಾಸ್ತಿ ಇದ್ದರೆ ಮಾತ್ರ ಅದು ಕಾಯಿಲೆಯ ಹೊಸ ದಾಳಿ ಇರಬಹುದು. ಆಗ ತಡ ಮಾಡದೆ ನರರೋಗ ತಜ್ಞರಿಗೆ ಫೋನ್ ಮಾಡಬೇಕು. ಜ್ವರ ಅಥವಾ ಮೂತ್ರದ ಸೋಂಕು ಇದ್ದರೂ ಹಳೆಯ ತೊಂದರೆ ತಲೆ ಎತ್ತುತ್ತದೆ, ಅದಕ್ಕೂ ಡಾಕ್ಟರು ಬೇಕು. ಇದನ್ನು ಎರಡು ವರ್ಷದಲ್ಲಿ ಒಬ್ಬರಾದರೂ ಆಕೆಗೆ ಹೇಳಬಾರದಿತ್ತಾ?

ಸಲಹೆ ಏನು ಕೊಟ್ಟೆ? ಉಗುರುಬೆಚ್ಚಗಿನ ನೀರಲ್ಲಿ ಸ್ನಾನ. ಕಷ್ಟದ ಕೆಲಸ ಬೆಳಿಗ್ಗೆಯೇ, ಅದೂ ದಿನಕ್ಕೆ ಒಂದು. ಪೂರ್ತಿ ಸೋಲುವ ಮೊದಲೇ ವಿಶ್ರಾಂತಿ. ಹಾಗಂತ ಮಲಗೇ ಇರುವುದಲ್ಲ, ತಡೆಯುವಷ್ಟು ವ್ಯಾಯಾಮ ಮಾಡಿದರೆ ಸುಸ್ತು ಕಡಿಮೆಯಾಗುತ್ತದೆ. ಚೆನ್ನಾಗಿದ್ದೀನಲ್ವಾ ಅಂತ ಔಷಧಿ ಬಿಡಬಾರದು. ಅದು ಇರುವುದೇ ಮುಂದಿನ ದಾಳಿಗಳನ್ನು ಕಡಿಮೆ ಮಾಡಲು. ಎಂಎಸ್ ಇರುವವರಲ್ಲಿ ಖಿನ್ನತೆ ಜಾಸ್ತಿ, ಅದೂ ಸುಸ್ತಿನ ವೇಷದಲ್ಲೇ ಬರಬಹುದು. ಸುಮಾ ಅಳು ಹೆಚ್ಚಾಗಿದೆ ಎಂದಿದ್ದರಿಂದ ಅದನ್ನೂ ಡಾಕ್ಟರಿಗೆ ಹೇಳಲು ಒಪ್ಪಿಸಿದೆ.

ಪ್ರಕಾಶ್‌ಗೆ ಹೇಳಿದ್ದು ಒಂದೇ. "ಏನಾಯ್ತು ನಿನಗೆ?" ಅಂತ ಕೇಳಬೇಡಿ, "ಇವತ್ತು ಹತ್ತಕ್ಕೆ ಎಷ್ಟು ಶಕ್ತಿ ಇದೆ?" ಅಂತ ಕೇಳಿ. ಮೂರು ಅಂದರೆ ಮೂರೇ, ಚೌಕಾಸಿ ಬೇಡ.

ಏಳುವಾಗ ಅವರು ಪಟ್ಟಿ ಅಳಿಸಲು ಹೋದರು. ಬೇಡ ಅಂದದ್ದು ಸುಮಾ. "ಇರಲಿ, ಡಾಕ್ಟರಿಗೆ ತೋರಿಸೋಣ. ಆದ್ರೆ ಇನ್ಮೇಲೆ ನಾನು ಬರೀತೀನಿ."