ಮಂಜು ಮಥುರೆಯಲ್ಲಿ, ತಡ ಹಾರವಾಡದಲ್ಲಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಉತ್ತರ ಕನ್ನಡದ ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ರೈಲು ಪ್ರಯಾಣದ ಬಗ್ಗೆ ಹಲವು ಪತ್ರಗಳು ಬಂದಿವೆ. ಒಂದೇ ದೂರನ್ನು ಹೇಳುವ ಪತ್ರಗಳನ್ನು ಒಟ್ಟುಗೂಡಿಸಿ, ಈ ಸಂಚಿಕೆಯ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಮಡಗಾಂವ್‌ನಲ್ಲಿ ಕೆಲಸ ಮಾಡುವ ನಾನು ಅಂಕೋಲಾದಿಂದ ನಿತ್ಯ ಹೋಗಿಬರುತ್ತೇನೆ. ಮಳೆಗಾಲದಲ್ಲಿ ಗಾಡಿ ನಿಧಾನವಾಗುವುದು ನಮಗೆ ರೂಢಿಯಾಗಿದೆ. ಆದರೆ ಡಿಸೆಂಬರ್, ಜನವರಿಯಲ್ಲಿ ಆಕಾಶ ತಿಳಿಯಾಗಿರುವಾಗಲೂ ಸಂಜೆಯ ಪ್ಯಾಸೆಂಜರ್ ಹಾರವಾಡದಲ್ಲಿ ನಿಂತುಬಿಡುತ್ತದೆ. ಕೇಳಿದರೆ ‘ಉತ್ತರದಲ್ಲಿ ಮಂಜು’ ಎನ್ನುತ್ತಾರೆ. ದೆಹಲಿಯ ಮಂಜಿಗೂ ನಮ್ಮ ಗಾಡಿಗೂ ಏನು ಸಂಬಂಧ?
(ಅಂಕೋಲಾದ ಓದುಗರು)

ಉತ್ತರ: ಸಂಬಂಧ ಇದೆ, ಆದರೆ ನಿಮಗೆ ಸಿಕ್ಕ ಉತ್ತರ ಅರ್ಧ ಮಾತ್ರ. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಗಂಗಾ, ಯಮುನಾ ಬಯಲಿನಲ್ಲಿ ದಟ್ಟ ಮಂಜು ಕವಿಯುತ್ತದೆ. ಎಂಜಿನ್ ಚಾಲಕನಿಗೆ ಸಿಗ್ನಲ್ ಕಾಣುವುದು ಅದರ ತೀರಾ ಹತ್ತಿರ ಬಂದ ಮೇಲೆಯೇ. ಹಿಂದೆ ಹಳಿಯ ಮೇಲೆ ಪಟಾಕಿಯಂಥ ಸಿಡಿಮದ್ದನ್ನಿಟ್ಟು, ಚಕ್ರ ಹರಿದಾಗ ಬರುವ ಸದ್ದಿನಿಂದ ಸಿಗ್ನಲ್ ಹತ್ತಿರವಾಗಿದೆ ಎಂದು ತಿಳಿಸುತ್ತಿದ್ದರು. ಆ ಪದ್ಧತಿ ಪೂರ್ತಿ ಹೋಗಿಲ್ಲ. ಈಗ ಅದರ ಜೊತೆಗೆ ಜಿಪಿಎಸ್ ಆಧಾರದ ಉಪಕರಣವೊಂದು ಮುಂದಿನ ಸಿಗ್ನಲ್ ಎಷ್ಟು ದೂರದಲ್ಲಿದೆ ಎಂಬುದನ್ನು ಚಾಲಕನಿಗೆ ತೋರಿಸುತ್ತದೆ. ಅದಿದ್ದರೂ ಮಂಜಿನಲ್ಲಿ ವೇಗ ಗಂಟೆಗೆ 75 ಕಿ.ಮೀ. ಮೀರುವಂತಿಲ್ಲ. ಹೀಗಾಗಿ ರೈಲ್ವೆಯು ಪ್ರತಿ ಚಳಿಗಾಲಕ್ಕೂ ಮುನ್ನ ಆ ಭಾಗದ ಕೆಲವು ಗಾಡಿಗಳನ್ನು ರದ್ದುಪಡಿಸುತ್ತದೆ, ಕೆಲವನ್ನು ವಾರದಲ್ಲಿ ಕೆಲವೇ ದಿನ ಓಡಿಸುತ್ತದೆ. ಗಾಡಿಗಳ ಸಂಖ್ಯೆ ಇಳಿದರೆ ಉಳಿದವುಗಳಿಗೆ ಹಳಿ ತೆರವಾಗಿ ಸಿಗುತ್ತದೆ. ತಡವಾಗಿ ತಲುಪಿದ ಬೋಗಿಗಳನ್ನು ತೊಳೆದು, ಪರೀಕ್ಷಿಸಿ ಮರಳಿ ಕಳುಹಿಸಲು ಸಮಯವೂ ಸಿಗುತ್ತದೆ.

ಈಗ ಅಲ್ಲಿಂದ ಇಲ್ಲಿಗೆ ಬರೋಣ. ಹಜರತ್ ನಿಜಾಮುದ್ದೀನ್‌ನಿಂದ ಎರ್ನಾಕುಲಂಗೆ ಹೋಗುವ ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ಮಥುರಾ, ಆಗ್ರಾ, ಝಾನ್ಸಿ, ಭೋಪಾಲ್ ಹಾದು, ಮಹಾರಾಷ್ಟ್ರದ ಉದ್ದಕ್ಕೂ ಸುತ್ತಿ, ಕೊಂಕಣ ಮಾರ್ಗ ಹಿಡಿದು ನಮ್ಮ ಜಿಲ್ಲೆಯ ಮೂಲಕ ದಕ್ಷಿಣಕ್ಕೆ ಇಳಿಯುತ್ತದೆ. ಸುಮಾರು 3,000 ಕಿ.ಮೀ. ಪ್ರಯಾಣದ ಆ ಗಾಡಿ ಮಥುರೆಯ ಬಳಿ ಮಂಜಿನಲ್ಲಿ ಎರಡು ಗಂಟೆ ಕಳೆದುಕೊಂಡಿತು ಎಂದಿಟ್ಟುಕೊಳ್ಳಿ. ಕಳೆದದ್ದು ಎರಡು ಗಂಟೆಯ ಸಮಯ ಮಾತ್ರವಲ್ಲ, ಮುಂದಿನ ಪ್ರತಿ ವಿಭಾಗದಲ್ಲಿ ಅದಕ್ಕಾಗಿ ಕಾದಿರಿಸಿದ್ದ ದಾರಿಯೂ ಹೌದು. ಆ ದಾರಿಯಲ್ಲಿ ಅಷ್ಟರಲ್ಲಿ ಬೇರೊಂದು ಗಾಡಿ ಹೊರಟಿರುತ್ತದೆ. ಆದ್ದರಿಂದಲೇ ಅಲ್ಲಿ ಎರಡು ಗಂಟೆ ತಡವಾದದ್ದು ಇಲ್ಲಿಗೆ ಬರುವಾಗ ನಾಲ್ಕು ಗಂಟೆಯಾಗಿರಬಹುದು, ಒಮ್ಮೊಮ್ಮೆ ಒಂದಕ್ಕೆ ಇಳಿದಿರಲೂಬಹುದು.

ಹಳಿ ಎರಡಿದ್ದರೆ ಇದು ನಿಮ್ಮನ್ನು ಇಷ್ಟು ಕಾಡುತ್ತಿರಲಿಲ್ಲ. ರೋಹಾದಿಂದ ತೋಕೂರಿನವರೆಗಿನ 741 ಕಿ.ಮೀ. ಕೊಂಕಣ ಮಾರ್ಗದಲ್ಲಿ ಜೋಡಿ ಹಳಿ ಬಂದಿರುವುದು ಉತ್ತರದ ತುದಿಯ ರೋಹಾ–ವೀರ್ ನಡುವಿನ 46 ಕಿ.ಮೀ.ನಲ್ಲಿ, 2021ರಲ್ಲಿ. ನಮ್ಮ ಜಿಲ್ಲೆಯ ಉದ್ದಕ್ಕೂ ಇರುವುದು ಒಂದೇ ಹಳಿ. ಎರಡು ನಿಲ್ದಾಣಗಳ ನಡುವೆ ಒಂದು ಸಲಕ್ಕೆ ಒಂದೇ ಗಾಡಿ ಎಂಬುದು ಇಲ್ಲಿಯ ನಿಯಮ. ಎದುರಿನಿಂದ ಗಾಡಿ ಬರುವುದಿದ್ದರೆ ಇನ್ನೊಂದು ಗಾಡಿ ನಿಲ್ದಾಣದ ಪಕ್ಕದ ಹಳಿಯಲ್ಲಿ ಕಾಯಬೇಕು. ಹಿಂದಿನಿಂದ ಎಕ್ಸ್‌ಪ್ರೆಸ್ ಬರುತ್ತಿದ್ದರೂ ದಾರಿ ಬಿಡಬೇಕು. ಲಾರಿಗಳನ್ನೇ ಹೊತ್ತು ಸಾಗುವ ರೋ-ರೋ ಗಾಡಿಗಳಿಗೂ, ಉಳಿದ ಗೂಡ್ಸ್‌ಗಳಿಗೂ ಇದೇ ಹಳಿ. ಕಾಯುವ ಗಾಡಿ ಯಾವುದು ಎಂಬುದನ್ನು ಗಾಡಿಗಳ ಓಡಾಟ ನಿಯಂತ್ರಿಸುವ ಕಂಟ್ರೋಲರ್ ತೀರ್ಮಾನಿಸುತ್ತಾರೆ. ಅವರ ಆದ್ಯತೆಯ ಪಟ್ಟಿಯಲ್ಲಿ ವಂದೇ ಭಾರತ್, ಸೂಪರ್‌ಫಾಸ್ಟ್, ಎಕ್ಸ್‌ಪ್ರೆಸ್‌ಗಳ ನಂತರ, ಗೂಡ್ಸ್‌ಗಿಂತ ಒಂದು ಮೆಟ್ಟಿಲು ಮೇಲೆ ಪ್ಯಾಸೆಂಜರ್ ಇರುತ್ತದೆ.

ನಿಮಗೆ ಹೇಳದೆ ಬಿಟ್ಟ ಉಳಿದರ್ಧ ಇದೇ. ಮಂಜು ಪ್ರಕೃತಿಯದು, ಅದಕ್ಕೆ ಯಾರೂ ಹೊಣೆಯಲ್ಲ. ಆದರೆ ಮಂಜಿನಿಂದಾದ ತಡವನ್ನು ಯಾರ ತಲೆಗೆ ಕಟ್ಟಬೇಕು ಎಂಬುದು ಮನುಷ್ಯರ ನಿರ್ಧಾರ. ಮೂರು ಸಾವಿರ ಕಿ.ಮೀ. ಬರುವ ಗಾಡಿ ಇನ್ನೂ ಇಪ್ಪತ್ತು ನಿಮಿಷ ತಡವಾದರೆ ಅದರ ಪ್ರಯಾಣಿಕನಿಗೆ ಹೆಚ್ಚು ವ್ಯತ್ಯಾಸವಾಗದು. ನಿತ್ಯ ಓಡಾಡುವವನಿಗೆ ಅದೇ ಇಪ್ಪತ್ತು ನಿಮಿಷದಲ್ಲಿ ನಿಲ್ದಾಣದಿಂದ ಊರಿಗೆ ಹೋಗುವ ಕೊನೆಯ ಟೆಂಪೊ ತಪ್ಪುತ್ತದೆ. ಈಗಾಗಲೇ ಗಂಟೆಗಟ್ಟಲೆ ತಡವಾಗಿರುವ ಗಾಡಿಗಾಗಿ ಸಮಯಕ್ಕೆ ಸರಿಯಾಗಿ ಬಂದ ಸ್ಥಳೀಯ ಗಾಡಿಯನ್ನು ನಿಲ್ಲಿಸಬಾರದು ಎಂಬ ನಿಯಮವನ್ನು, ಕನಿಷ್ಠ ಕಚೇರಿ ಮತ್ತು ಕಾಲೇಜಿನ ಹೊತ್ತಿಗಾದರೂ, ಪಾಲಿಸುವುದು ಅಸಾಧ್ಯವೇನಲ್ಲ ಎಂಬುದು ನಮ್ಮ ಅಭಿಪ್ರಾಯ.

ಒಂದು ಬದಲಾವಣೆಯನ್ನು ಮಾತ್ರ ಮೆಚ್ಚಲೇಬೇಕು. ಗೋಕರ್ಣ ರೋಡ್ ಮತ್ತು ಕುಮಟಾ ನಡುವೆ ಮಿರ್ಜಾನ್ ನಿಲ್ದಾಣ ಹುಟ್ಟಿಕೊಂಡದ್ದು ಊರಿನವರ ಅನುಕೂಲಕ್ಕಿಂತ ಹೆಚ್ಚಾಗಿ ಕ್ರಾಸಿಂಗ್‌ಗಾಗಿ, ಎಂದರೆ ಗಾಡಿಗಳು ಒಂದನ್ನೊಂದು ದಾಟಿ ಹೋಗುವುದಕ್ಕಾಗಿ. ಕ್ರಾಸಿಂಗ್ ಜಾಗಗಳು ಹತ್ತಿರ ಹತ್ತಿರವಾದಷ್ಟೂ ಕಾಯುವ ನಿಮಿಷಗಳು ಇಳಿಯುತ್ತವೆ.

ಪ್ರಶ್ನೆ: ಮಗಳು ಕುಮಟಾದಿಂದ ಕಾರವಾರದ ಕಾಲೇಜಿಗೆ ಹೋಗುತ್ತಾಳೆ. ಜೂನ್ ಬಂದೊಡನೆ ವೇಳಾಪಟ್ಟಿ ಬದಲಾಗಿ, ಬಿಸಿಲು ಬಿದ್ದ ದಿನವೂ ಗಾಡಿ ತೆವಳುತ್ತದೆ. ಮಳೆ ಬಂದ ದಿನ ಮಾತ್ರ ನಿಧಾನವಾಗಿ ಓಡಿಸಿದರೆ ಸಾಲದೇ?
(ಕುಮಟಾದ ಓದುಗರು)

ಉತ್ತರ: ಸಾಲದು ಎಂದು ಹೇಳುವುದಕ್ಕೆ ಕಾರವಾರದ ಜನರಿಗೇ ನೆನಪಿರುವ ಕಾರಣವಿದೆ. 2003ರ ಜೂನ್ 22ರ ರಾತ್ರಿ, ಕಾರವಾರದಿಂದ ಮುಂಬಯಿಗೆ ಹೊರಟಿದ್ದ ರಜಾಕಾಲದ ವಿಶೇಷ ರೈಲು ಮಹಾರಾಷ್ಟ್ರದ ವೈಭವವಾಡಿ ಬಳಿ ಹಳಿಯ ಮೇಲೆ ಜರಿದುಬಿದ್ದಿದ್ದ ಬಂಡೆ, ಮಣ್ಣಿಗೆ ಅಪ್ಪಳಿಸಿತು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಒಂದು ವರ್ಷ ತುಂಬುವ ಮೊದಲೇ, 2004ರ ಜೂನ್ 16ರಂದು, ಮಂಗಳೂರಿನಿಂದ ಹೊರಟಿದ್ದ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಮಹಾಡ್ ಹತ್ತಿರ ಬಂಡೆಗೆ ಬಡಿದು ಸೇತುವೆಯಿಂದ ಕೆಳಗುರುಳಿತು. ಮಳೆಗಾಲದಲ್ಲಿ ಈಗ ಪಾಲಿಸುವ ವೇಗಮಿತಿ ಗಟ್ಟಿಯಾಗಿ ಬೇರೂರಿದ್ದು ಈ ಎರಡು ದುರಂತಗಳ ನಂತರ.

ಬಿಸಿಲಿನ ದಿನದ ಮಾತಿಗೆ ಬರೋಣ. ಗುಡ್ಡ ಸೀಳಿ ಮಾಡಿದ ದಾರಿಯ ಎರಡೂ ಬದಿಯ ಧರೆಯಲ್ಲಿರುವುದು ಬಹುಪಾಲು ಜಂಬಿಟ್ಟಿಗೆ ಮತ್ತು ಅದರಡಿಯ ಜೇಡಿಮಣ್ಣು. ಆರಿದ್ರಾ, ಪುನರ್ವಸು ಮಳೆಗಳಲ್ಲಿ ಕುಡಿದ ನೀರನ್ನು ಅದು ಒಂದೆರಡು ದಿನದ ಬಿಸಿಲಿಗೆ ಬಿಟ್ಟುಕೊಡುವುದಿಲ್ಲ. ನಮ್ಮ ಊರುಗಳಲ್ಲಿ ಮನೆಯ ಹಿಂದಿನ ಧರೆ ಕುಸಿಯುವುದು ಎಷ್ಟೋ ಸಲ ಮಳೆ ನಿಂತ ಮೇಲೆಯೇ. ಅಪಾಯದ ಜಾಗಗಳಲ್ಲಿ ಉಕ್ಕಿನ ಬಲೆ ಹೊದಿಸಿದ್ದಾರೆ, ಇಳಿಜಾರನ್ನು ತಗ್ಗಿಸಿದ್ದಾರೆ, ಬೇರು ಮಣ್ಣನ್ನು ಹಿಡಿದಿಡಲಿ ಎಂದು ಲಾವಂಚ ನೆಟ್ಟಿದ್ದಾರೆ. ಆರುನೂರಕ್ಕೂ ಹೆಚ್ಚು ಸಿಬ್ಬಂದಿ ಮಾರ್ಗದುದ್ದಕ್ಕೂ ಹಗಲಿರುಳು ಗಸ್ತು ತಿರುಗುತ್ತಾರೆ. ಹೊನ್ನಾವರ ಮತ್ತು ಮಂಕಿ ನಡುವೆ ಶರಾವತಿಯ ಮೇಲಿರುವ, ಎರಡು ಕಿ.ಮೀ.ಗೂ ಉದ್ದದ ಸೇತುವೆಯಲ್ಲಿ ಗಾಳಿಯ ವೇಗ ಅಳೆಯುವ ಯಂತ್ರವಿದೆ. ಮಳೆ ಜೋರಾಗಿ ಎದುರಿನದು ಕಾಣದಂತಾದರೆ ಗಂಟೆಗೆ 40 ಕಿ.ಮೀ.ಗೆ ಇಳಿಸಬೇಕೆಂದು ಚಾಲಕರಿಗೆ ಸೂಚನೆಯಿದೆ. ಇಷ್ಟೆಲ್ಲ ಇದ್ದೂ 2020ರ ಆಗಸ್ಟ್‌ನಲ್ಲಿ ಗೋವಾದ ಪೆರ್ನೆಮ್ ಸುರಂಗದ ಗೋಡೆ ಕುಸಿಯಿತು, 2024ರ ಜುಲೈನಲ್ಲಿ ಅದೇ ಸುರಂಗಕ್ಕೆ ನೀರು, ಕೆಸರು ನುಗ್ಗಿ ಸಂಚಾರ ನಿಂತಿತು. ಅದೇ ತಿಂಗಳ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದುಬಿದ್ದದ್ದನ್ನು ಈ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ.

ವೇಗದ ವಿಷಯದಲ್ಲಿ ನಾವು ರೈಲ್ವೆಯ ಪರ. ಮಗಳು ಅರ್ಧ ಗಂಟೆ ತಡವಾಗಿ ಬರಲಿ, ಸುರಕ್ಷಿತವಾಗಿ ಬರಲಿ. ನಿಮ್ಮ ಪತ್ರದಲ್ಲಿ ನ್ಯಾಯವಿರುವುದು ಇನ್ನೊಂದು ಕಡೆ. ನಿಧಾನವಾಗಿ ಓಡುತ್ತದೆ ಎಂದು ಮೊದಲೇ ಗೊತ್ತಿರುವ ಗಾಡಿಯನ್ನು ಅಷ್ಟು ಮುಂಚೆ ಹೊರಡಿಸಿ, ಕಾಲೇಜಿನ ಮೊದಲ ತರಗತಿಗೆ ತಲುಪುವಂತೆ ಮಾಡಬಹುದು. ಮಳೆಗಾಲದ ವೇಳಾಪಟ್ಟಿ ಬರೆಯುವಾಗ ದೂರದ ಗಾಡಿಗಳನ್ನು ಮೊದಲು ಕೂರಿಸಿ, ಉಳಿದ ಸಂದುಗಳಲ್ಲಿ ಸ್ಥಳೀಯ ಗಾಡಿಗಳನ್ನು ತುರುಕಿದರೆ ಅದು ಆಗುವುದಿಲ್ಲ. ಹಿಂದೆ ಜೂನ್ 10ರಿಂದ ಅಕ್ಟೋಬರ್ 31ರವರೆಗೆ ಇರುತ್ತಿದ್ದ ಈ ವೇಳಾಪಟ್ಟಿಯನ್ನು 2025ರಲ್ಲಿ ಜೂನ್ 15ರಿಂದ ಅಕ್ಟೋಬರ್ 20ಕ್ಕೆ ಇಳಿಸಿದರು. ಅವಧಿಯನ್ನು ಬದಲಿಸಬಹುದಾದರೆ ಹೊರಡುವ ಹೊತ್ತನ್ನೂ ಬದಲಿಸಬಹುದು.

ಪ್ರಶ್ನೆ: ಶಿರಸಿಯವರಾದ ನಾವು ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬಂದು ರೈಲು ಹಿಡಿಯಬೇಕು. ಅರ್ಧ ಘಟ್ಟ ಇಳಿದ ಮೇಲೆ ‘ಗಾಡಿ ರದ್ದಾಗಿದೆ’ ಎಂಬ ಸಂದೇಶ ಬಂದರೆ ಹಣವೆಲ್ಲ ಹೋದಂತೆಯೇ?
(ಶಿರಸಿಯ ಓದುಗರು)

ಉತ್ತರ: ಟಿಕೆಟ್ಟಿನ ಹಣ ಹೋಗುವುದಿಲ್ಲ, ಘಟ್ಟ ಇಳಿದ ಖರ್ಚು ಹೋಗುತ್ತದೆ. ರೈಲ್ವೆಯೇ ಗಾಡಿಯನ್ನು ಪೂರ್ತಿ ರದ್ದುಪಡಿಸಿದರೆ ಆನ್‌ಲೈನ್ ಟಿಕೆಟ್ಟಿನ ಹಣ ತಾನಾಗಿಯೇ ಖಾತೆಗೆ ಮರಳುತ್ತದೆ. ಕೌಂಟರಿನಲ್ಲಿ ಕೊಂಡ ಟಿಕೆಟ್ಟನ್ನು ಹೊರಡಬೇಕಿದ್ದ ದಿನದಿಂದ ಮೂರು ದಿನದೊಳಗೆ ಮರಳಿಸಿ ಹಣ ಪಡೆಯಬೇಕು. ಗಾಡಿ ನಿಮ್ಮ ನಿಲ್ದಾಣಕ್ಕೆ ಮೂರು ಗಂಟೆಗಿಂತ ಹೆಚ್ಚು ತಡವಾಗಿ, ನೀವು ಪ್ರಯಾಣ ಬಿಡುವುದಾದರೂ ಕಾದಿರಿಸಿದ ಟಿಕೆಟ್ಟಿನ ಪೂರ್ತಿ ಹಣ ಸಿಗುತ್ತದೆ. ಆದರೆ ಆ ಗಾಡಿ ಬಂದು ಹೊರಡುವ ಮೊದಲೇ ಆನ್‌ಲೈನಿನಲ್ಲಿ ಟಿಡಿಆರ್ (ಹಣ ಮರಳಿಸುವಂತೆ ಕೋರುವ) ಅರ್ಜಿ ಹಾಕಿರಬೇಕು, ಕೌಂಟರ್ ಟಿಕೆಟ್ಟಾದರೆ ಮರಳಿಸಿರಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ. ಘಟ್ಟ ಇಳಿಯುವ ಮುನ್ನ ಗಾಡಿ ಎಲ್ಲಿದೆ ಎಂದು ತೋರಿಸುವ ರೈಲ್ವೆಯ ಎನ್‌ಟಿಇಎಸ್ ಆ್ಯಪ್ ನೋಡಿ ಅಥವಾ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ.

ಪ್ರಶ್ನೆ: ಮಳೆಯೂ ಇಲ್ಲ, ಮಂಜೂ ಇಲ್ಲ, ಆದರೂ 2025ರಲ್ಲಿ ಬೆಂಗಳೂರಿನ ಹಗಲು ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿದ್ದೇಕೆ?
(ಕಾರವಾರದ ಓದುಗರು)

ಉತ್ತರ: ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ. ಘಟ್ಟದಲ್ಲಿ ವಿದ್ಯುತ್ ತಂತಿ ಎಳೆಯುವ ಕಾಮಗಾರಿಗಾಗಿ. ಸುರಂಗ, ಕಡಿದಾದ ಇಳಿಜಾರುಗಳ ಆ ದಾರಿಯಲ್ಲಿ ಇಂಥ ಕೆಲಸವನ್ನು ಹಗಲಿನಲ್ಲೇ, ಹಳಿಯನ್ನು ಗಂಟೆಗಟ್ಟಲೆ ಖಾಲಿ ಬಿಟ್ಟು ಮಾಡಬೇಕು. ಹಾಗಾಗಿ ಯಶವಂತಪುರ–ಕಾರವಾರ ಗಾಡಿ ಸೇರಿದಂತೆ ಹಗಲು ಗಾಡಿಗಳು ನಿಂತವು, ರಾತ್ರಿಯ ಬೆಂಗಳೂರು–ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್ ಓಡುತ್ತಿತ್ತು. ಕಾರಣ ಸರಿಯಾಗಿಯೇ ಇದೆ. ನಿಂತ ಗಾಡಿಗೆ ಬದಲಾಗಿ ಕರಾವಳಿಯ ಒಳಗೆ, ಮಂಗಳೂರಿನವರೆಗಾದರೂ ಒಂದು ಗಾಡಿಯನ್ನು ಅದೇ ಹೊತ್ತಿಗೆ ಓಡಿಸುವ ಯೋಚನೆ ಬರಬೇಕಿತ್ತು.

ಪ್ರಶ್ನೆ: ಇವನ್ನೆಲ್ಲ ಯಾರಲ್ಲಿ ಕೇಳಬೇಕು? ಮನವಿ ಕೊಟ್ಟರೆ ‘ನಮ್ಮ ಕೈಯಲ್ಲಿಲ್ಲ’ ಎಂಬ ಉತ್ತರವೇ ಎಲ್ಲ ಕಡೆ.
(ಹೊನ್ನಾವರದ ಓದುಗರು)

ಉತ್ತರ: ಹಾಗೆ ಹೇಳಲು ಅವಕಾಶವಿರುವಂತೆಯೇ ವ್ಯವಸ್ಥೆ ರೂಪುಗೊಂಡಿದೆ. 1990ರಲ್ಲಿ ಸ್ಥಾಪನೆಯಾದ ಕೊಂಕಣ ರೈಲ್ವೆ ನಿಗಮವು ಭಾರತೀಯ ರೈಲ್ವೆಯ ವಲಯವಲ್ಲ. ಕೇಂದ್ರದ 51, ಮಹಾರಾಷ್ಟ್ರದ 22, ಕರ್ನಾಟಕದ 15, ಗೋವಾ ಮತ್ತು ಕೇರಳದ ತಲಾ 6 ಶೇಕಡಾ ಪಾಲಿನೊಂದಿಗೆ ಆರಂಭವಾದ ಪ್ರತ್ಯೇಕ ಕಂಪನಿ. ಸಾಲ ತಂದು ಕಟ್ಟಿದ ದಾರಿಯಾದ್ದರಿಂದ ಇಲ್ಲಿ ನಿಜವಾದ ದೂರಕ್ಕಿಂತ ಹೆಚ್ಚು ಕಿ.ಮೀ. ಲೆಕ್ಕ ಹಾಕಿ ದರ ನಿಗದಿಪಡಿಸುವ ಪದ್ಧತಿ ಬಂತು. ಜೋಡಿ ಹಳಿಗೆ ಬೇಕಾದ ದೊಡ್ಡ ಮೊತ್ತವನ್ನು ಇಂಥ ಕಂಪನಿ ತಾನೇ ಹೊಂದಿಸುವುದು ಕಷ್ಟ. ಇದನ್ನು ಭಾರತೀಯ ರೈಲ್ವೆಯಲ್ಲಿ ವಿಲೀನಗೊಳಿಸಬೇಕೆಂಬ ಬೇಡಿಕೆಗೆ ನಾಲ್ಕೂ ರಾಜ್ಯಗಳು ಒಪ್ಪಿವೆ. ಕೊನೆಯದಾಗಿ ಮಹಾರಾಷ್ಟ್ರ 2025ರಲ್ಲಿ ಒಪ್ಪಿತು. ವಿಲೀನವಾದೊಡನೆ ಎರಡನೇ ಹಳಿ ಬಂದುಬಿಡುತ್ತದೆ ಎಂದು ನಾವು ಭಾವಿಸುವುದಿಲ್ಲ.

ಜೋಡಿ ಹಳಿಯನ್ನು ಸಂಸದರಲ್ಲಿ, ರಾಜ್ಯ ಸರಕಾರದಲ್ಲಿ ಕೇಳಿ. ಅದು ದೊಡ್ಡವರ ಮಟ್ಟದ ಕೆಲಸ. ಸಮಯದ ಬದಲಾವಣೆಯನ್ನು ನಿಗಮದ ಕಾರವಾರ ಪ್ರಾದೇಶಿಕ ಕಚೇರಿಗೂ, ನವಿ ಮುಂಬಯಿಯ ಬೇಲಾಪುರದಲ್ಲಿರುವ ಪ್ರಧಾನ ಕಚೇರಿಗೂ ಲಿಖಿತವಾಗಿ ಕೇಳಿ. ‘ಗಾಡಿಗಳು ಯಾವಾಗಲೂ ತಡ’ ಎಂದು ಬರೆದ ಮನವಿ ಕಡತಕ್ಕೆ ಸೇರುತ್ತದೆ, ಅಷ್ಟೇ. ಯಾವ ಗಾಡಿ, ಯಾವ ನಿಲ್ದಾಣದಲ್ಲಿ, ಯಾವ ದಿನ, ಯಾವ ಗಾಡಿಗಾಗಿ ಎಷ್ಟು ನಿಮಿಷ ನಿಂತಿತು ಎಂಬುದನ್ನು ಪಾಸ್‌ದಾರರೆಲ್ಲ ಸೇರಿ ಒಂದು ತಿಂಗಳು ಬರೆದಿಟ್ಟು, ಆ ಪಟ್ಟಿಯನ್ನು ಮನವಿಗೆ ಲಗತ್ತಿಸಿ. ಮಳೆಗಾಲದ ವೇಳಾಪಟ್ಟಿ ಸಿದ್ಧವಾಗುವುದು ಜೂನ್‌ಗೆ ಸಾಕಷ್ಟು ಮೊದಲೇ ಆದ್ದರಿಂದ ಅದು ಫೆಬ್ರುವರಿಯೊಳಗೆ ಅವರ ಮೇಜಿನ ಮೇಲಿರಲಿ.