ಗುರು ಸಿಗುವವರೆಗೆ ಕಾಯಬೇಡಿ, ಆದರೆ ಒಂದೇ ಒಂದು ಫೋಟೋನೂ ಅಳಿಸಬೇಡಿ

ಕಾರವಾರದ ಮೀನುಗಾರರ ಬದುಕಿನ ಮೇಲೆ ಸ್ವಂತ ಫೋಟೋ ಪ್ರಾಜೆಕ್ಟ್ ಮಾಡಬೇಕು, ಒಳ್ಳೆ ಮಾರ್ಗದರ್ಶಕರು ಸಿಗುವವರೆಗೆ ಕಾಯಲಾ, ಇಲ್ಲ ದುಡ್ಡು ಕಟ್ಟಿ ಆನ್‌ಲೈನ್ ಕೋರ್ಸ್ ಸೇರಲಾ ಅಂತ ಕೇಳಿದ್ದೀರಿ. ಓದಿದ ಕೂಡಲೇ ನನಗೆ 2018ರ ನವೆಂಬರ್ ನೆನಪಾಯ್ತು.

ಆಗ ನಾನು ಕುಮಟಾದ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕಿದ್ದೆ. ಸೀಸನ್‌ನಲ್ಲಿ ಮದುವೆ ಫೋಟೋ. ಉಳಿದ ದಿನ ಪಾಸ್‌ಪೋರ್ಟ್ ಸೈಜ್ ಫೋಟೋ, ಜೆರಾಕ್ಸ್, ಲ್ಯಾಮಿನೇಶನ್. ನವೆಂಬರ್ ಅಂದರೆ ಪೆನ್ಷನ್‌ನವರು ಬದುಕಿದ್ದೇವೆ ಅಂತ ಸರ್ಟಿಫಿಕೇಟ್ ಕೊಡುವ ತಿಂಗಳು. ಅದರ ಜೆರಾಕ್ಸ್‌ಗೆ ಅಂತ ಒಬ್ಬ ನಿವೃತ್ತ ಡ್ರಾಯಿಂಗ್ ಮಾಸ್ತರು ಅಂಗಡಿಗೆ ಬಂದರು. ಮನೆ ಕಾರವಾರದ ಕೋಡಿಬಾಗದಲ್ಲಿ, ಕುಮಟಾದಲ್ಲಿ ತಂಗಿ ಮನೆ. ಗೋಡೆಯ ಮೇಲೆ ನಾನು ಅಂಟಿಸಿದ್ದ ಒಂದು ಫೋಟೋ ಅವರ ಕಣ್ಣಿಗೆ ಬಿತ್ತು. ಅಘನಾಶಿನಿ ನದಿಯ ಅಳಿವೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಿಂತು ಬಳಚು, ಅಂದರೆ ತಿನ್ನುವ ಚಿಪ್ಪುಮೀನು, ಹೆಕ್ಕುವ ಒಬ್ಬ ಹೆಂಗಸು. ಬಹಳ ಹೊತ್ತು ನೋಡಿದರು.

"ಇದರ ಹಿಂದಿನದು ಯಾವುದು, ಮುಂದಿನದು ಯಾವುದು?" ಅಂತ ಕೇಳಿದರು.

ನನಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. "ಇದೊಂದೇ ಮಾಸ್ತರೇ, ಚೆನ್ನಾಗಿ ಬಂದದ್ದು" ಅಂದೆ. ಅವರು ನಕ್ಕು, ತಿಂಗಳಿಗೊಂದು ಭಾನುವಾರ ಫೋಟೋ ತಗೊಂಡು ಮನೆಗೆ ಬಾ ಅಂದರು. ನನಗೆ ಗುರು ಸಿಕ್ಕಿದ್ದು ಹೀಗೆ. ಅವರು ಯಾವತ್ತೂ ಒಂದು ರೂಪಾಯಿ ತಗೊಳ್ಳಲಿಲ್ಲ. ನಾನು ಒಯ್ದ ಬಳಚನ್ನು ಮಾತ್ರ ಬೇಡ ಅನ್ನುತ್ತಿರಲಿಲ್ಲ. ಅವರ ಹೆಂಡತಿ ಅದರ ಸುಕ್ಕೆ ಮಾಡಿ ನನಗೂ ಬಡಿಸುತ್ತಿದ್ದರು.

ಕುಮಟಾದಿಂದ ಕಾರವಾರಕ್ಕೆ ಬಸ್ಸಿನಲ್ಲಿ ಹತ್ತಿರ ಹತ್ತಿರ ಎರಡು ತಾಸು. ಹೋದ ಕೂಡಲೇ ಮಾಸ್ತರು ಹಾಲ್‌ನ ಫ್ಯಾನ್ ಬಂದ್ ಮಾಡುತ್ತಿದ್ದರು, ಪ್ರಿಂಟ್ ಹಾರಬಾರದು ಅಂತ. ಟೈಲ್ಸ್ ಮೇಲೆ ಒಂದೊಂದಾಗಿ ಹಾಸಬೇಕು. ಕಾರವಾರದ ಏಪ್ರಿಲ್ ಸೆಕೆ ನಿಮಗೆ ನಾನು ಹೇಳಬೇಕಾಗಿಲ್ಲ. ಅರ್ಧ ತಾಸು ಅವರು ಮಾತೇ ಆಡುತ್ತಿರಲಿಲ್ಲ. ಆಮೇಲೆ ಶುರುವಾಗುತ್ತಿದ್ದವು ಪ್ರಶ್ನೆಗಳು. ಇಲ್ಲಿ ನೀನು ಎಲ್ಲಿ ನಿಂತಿದ್ದೆ? ಇವಳ ಹತ್ತಿರ ಮಾತಾಡಿದ್ಯಾ? ಆವತ್ತು ಸಮುದ್ರದ ಇಳಿತ ಎಷ್ಟು ಗಂಟೆಗೆ? ಪ್ರತಿ ಪ್ರಿಂಟಿನ ಹಿಂದೆ ಪೆನ್ಸಿಲ್‌ನಲ್ಲಿ ಮೂರು ಸಾಲು ಬರೆಸುತ್ತಿದ್ದರು: ತಾರೀಕು, ಇಳಿತದ ಹೊತ್ತು, ಆವತ್ತು ಕೇಳಿದ ಒಂದು ಮಾತು.

ಇಳಿತದ ಹೊತ್ತು ಎಂತಕ್ಕೆ ಅಂತ ಮೊದಲು ತಿಳಿಯಲಿಲ್ಲ. ಆಮೇಲೆ ನೋಡಿದರೆ ಇಡೀ ಪ್ರಾಜೆಕ್ಟಿನ ಕ್ಯಾಲೆಂಡರೇ ಅದರಲ್ಲಿತ್ತು. ಬಳಚು ಹೆಕ್ಕುವುದು ನೀರು ಇಳಿದಾಗ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡ ಆಗುತ್ತಾ ಹೋಗುತ್ತದೆ. ಇವತ್ತು ಬೆಳಿಗ್ಗೆ ಆರಕ್ಕೆ ಚೆಂದದ ಬೆಳಕಿನಲ್ಲಿ ಇಳಿತ ಸಿಕ್ಕಿದರೆ, ಅದೇ ಹೊತ್ತಿಗೆ ಅದೇ ಇಳಿತ ಮತ್ತೆ ಸಿಗುವುದು ಹತ್ತಿರ ಹತ್ತಿರ ಹದಿನೈದು ದಿನಕ್ಕೆ. ನಡುವಿನ ದಿನಗಳಲ್ಲಿ ಅವರು ಸುಡುವ ಮಧ್ಯಾಹ್ನವೂ ನೀರಿಗೆ ಇಳಿಯುತ್ತಾರೆ. ಅಮಾವಾಸ್ಯೆ ಹುಣ್ಣಿಮೆ ಆಸುಪಾಸು ನೀರು ಜಾಸ್ತಿ ಇಳಿಯುತ್ತದೆ, ದೂರದವರೆಗೆ ದಿಬ್ಬ ಕಾಣುತ್ತದೆ. ಆ ಹೆಂಗಸರಿಗೆ ಇದೆಲ್ಲ ತಿಥಿಯ ಲೆಕ್ಕದಲ್ಲಿ ಬಾಯಿಪಾಠ. ನಾನು ಮಾತ್ರ ನನಗೆ ರಜೆ ಇದ್ದ ದಿನ ಹೋಗಿ, ಬೆಳಕು ಸರಿ ಇಲ್ಲ ಅಂತ ವಾಪಸ್ ಬರುತ್ತಿದ್ದೆ. ಮಾಸ್ತರು ಹೇಳಿದ ಮೇಲೆ ಪಂಚಾಂಗ ನೋಡಿ ರಜೆ ಕೇಳಲು ಶುರು ಮಾಡಿದೆ.

ಈಗ ನನ್ನ ತಪ್ಪಿನ ಸಂಗತಿ. ಇದನ್ನು ಉದ್ದಕ್ಕೆ ಹೇಳುತ್ತೇನೆ, ಯಾಕಂದರೆ ನೀವೂ ಇದನ್ನೇ ಮಾಡುತ್ತಾ ಇರಬಹುದು.

ನಮ್ಮ ಸ್ಟುಡಿಯೋದಲ್ಲಿ ಒಂದು ರೂಢಿ ಇತ್ತು. ಒಂದು ಮದುವೆಗೆ ಮೂರು ಸಾವಿರ ಫೋಟೋ. ಆಲ್ಬಮ್‌ಗೆ ಹೋಗುವುದು ಮುನ್ನೂರು. ಮನೆಯವರು ಆರಿಸಿ ಆದ ಮೇಲೆ ಉಳಿದದ್ದು ಡಿಲೀಟ್, ಮುಂದಿನ ಮದುವೆಗೆ ಜಾಗ ಬೇಕಲ್ವಾ. ಆ ಕೈರೂಢಿಯನ್ನೇ ನಾನು ಅಘನಾಶಿನಿಗೂ ತಗೊಂಡು ಹೋದೆ. ನನ್ನ ಹತ್ತಿರ 16 ಜಿಬಿಯ ಎರಡು ಕಾರ್ಡ್ ಇದ್ದವು. ರಾ ಫೈಲ್, ಅಂದರೆ ಕ್ಯಾಮೆರಾ ಕುಗ್ಗಿಸದೆ ಇಡುವ ದೊಡ್ಡ ಫೈಲ್ ಆದರೆ ಒಂದು ಕಾರ್ಡಿಗೆ ಆರುನೂರರ ಹತ್ತಿರ ಹಿಡಿಯುತ್ತದೆ. ಸಂಜೆ ಮನೆಗೆ ಬಂದು ಕೂತು ಇಪ್ಪತ್ತು ಆರಿಸುತ್ತಿದ್ದೆ. ಆ ಇಪ್ಪತ್ತು ಪೆನ್ ಡ್ರೈವಿಗೆ. ಕಾರ್ಡ್ ಎರಡೂ ಫಾರ್ಮ್ಯಾಟ್. ಮಾರನೇ ದಿನಕ್ಕೆ ಕ್ಯಾಮೆರಾ ತಯಾರು.

ಜಾಗ ಇಲ್ಲ ಅನ್ನುವುದು ಅರ್ಧ ಕಾರಣ ಅಷ್ಟೇ. ಒಂದು ಹಾರ್ಡ್ ಡಿಸ್ಕ್ ಕಂತಿನಲ್ಲಿ ತಗೊಳ್ಳಬಹುದಿತ್ತು. ಇನ್ನರ್ಧ ಕಾರಣ ನಾಚಿಕೆ. ಅಲುಗಾಡಿದ್ದು, ತಲೆ ಕತ್ತರಿಸಿ ಹೋದದ್ದು, ಒಂದೇ ಥರದ ನಲವತ್ತು, ಇವೆಲ್ಲ ಇದ್ದರೆ ಯಾವತ್ತೋ ಒಂದು ದಿನ ಮಾಸ್ತರ ಕಣ್ಣಿಗೆ ಬೀಳುತ್ತವೆ, ಇವಳಿಗೆ ಇಷ್ಟೇ ಬರುವುದಾ ಅಂದುಕೊಳ್ಳುತ್ತಾರೆ ಅನ್ನುವ ಹೆದರಿಕೆ. ಅದಕ್ಕೇ ಅಳಿಸುತ್ತಿದ್ದೆ. ಅವರಿಗೆ ತೋರಿಸುವ ಮುಂಚೆ ನಾನೇ ಎಲ್ಲ ಚೊಕ್ಕ ಮಾಡಿ ಇಡುತ್ತಿದ್ದೆ. ಅವರು "ಉಳಿದದ್ದು?" ಅಂತ ಎರಡು ಮೂರು ಸಲ ಕೇಳಿದ್ದು ಹೌದು. "ಮನೇಲಿದೆ" ಅಂದಿದ್ದೆ. ಅದು ಸುಳ್ಳು.

ಚೊಕ್ಕ ಅಂದರೆ ಏನು ಅಂತ ಆಗ ನನ್ನ ತಲೆಯಲ್ಲಿ ಇದ್ದದ್ದು ಫೋನಿನಲ್ಲಿ ನೋಡಿದ ಫೋಟೋಗಳು. ನೀರು, ಮಂಜು, ಒಬ್ಬಳು ಹೆಂಗಸು, ಹಿಂದೆ ಬೇರೇನೂ ಇರಬಾರದು. ಆದರೆ ಆ ದಂಡೆಯಲ್ಲಿ ಒಂದು ಹಳದಿ ಪ್ಲಾಸ್ಟಿಕ್ ಹಿಡಿಕೆಯ ಕೊಡೆ ಯಾವಾಗಲೂ ಅಡ್ಡ ಬರುತ್ತಿತ್ತು. ಕೊಡೆಯ ಕೆಳಗೆ ಒಬ್ಬಳು ಅಜ್ಜಿ ಕೂತಿರುತ್ತಿದ್ದಳು. ಅವಳು ನೀರಿಗೆ ಇಳಿಯುತ್ತಿರಲಿಲ್ಲ, ಮಂಡಿ ನೋವು. ಇಳಿಯುವವರ ಚಪ್ಪಲಿ, ಊಟದ ಡಬ್ಬಿ, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿದ ಮೊಬೈಲು, ಕಿವಿಯ ಓಲೆ ಎಲ್ಲ ಅವಳ ಹತ್ತಿರ. ನಾನು ಅವಳನ್ನು ತಪ್ಪಿಸಿ ಫೋಟೋ ತೆಗೆಯಲು ಬಲಕ್ಕೆ ಸರಿಯುತ್ತಿದ್ದೆ, ಬಗ್ಗುತ್ತಿದ್ದೆ. ಆದರೂ ಬಂದುಬಿಟ್ಟರೆ ಸಂಜೆ ಅಳಿಸುತ್ತಿದ್ದೆ. ಐದಾರು ತಿಂಗಳಲ್ಲಿ ಅವಳಿದ್ದ ಫೋಟೋ ನೂರಾರು ಹೋಗಿರಬೇಕು.

ಮೇ ಕೊನೆಯ ಭಾನುವಾರ. ಮಳೆ ಶುರುವಾದರೆ ಅಳಿವೆಗೆ ಸಿಹಿನೀರು ತುಂಬಿಕೊಂಡು ಬಳಚಿನ ಕೆಲಸ ನಿಲ್ಲುತ್ತದೆ. ಅದಕ್ಕೆ ಮಾಸ್ತರು ಈ ಸಲ ಎಲ್ಲ ತಗೊಂಡು ಬಾ ಅಂದಿದ್ದರು. ನಾನು 4×6 ಇಂಚಿನ ಇನ್ನೂರ ಹನ್ನೆರಡು ಪ್ರಿಂಟ್ ಒಯ್ದೆ. ಹಾಲ್ ಮುಗಿದು ಅಡಿಗೆಮನೆ ಬಾಗಿಲವರೆಗೆ ಹಾಸಿದೆವು. ಅವರು ಮಣೆ ಹಾಕಿಕೊಂಡು ಕೂತು ನೋಡುತ್ತಾ ನೋಡುತ್ತಾ ಒಂದನ್ನು ಎತ್ತಿಕೊಂಡರು. ದೋಣಿಯ ಫೋಟೋ ಅದು. ಕೆಳಗಿನ ಮೂಲೆಯಲ್ಲಿ ಒಂಬತ್ತು ಜೊತೆ ಚಪ್ಪಲಿ. ಸಾಲಾಗಿ, ಒಂದಕ್ಕೊಂದು ತಾಗದ ಹಾಗೆ, ಎಲ್ಲದರ ಮೂತಿ ಊರಿನ ಕಡೆಗೆ. ಪಕ್ಕದಲ್ಲಿ ಮರಳಿನ ಮೇಲೆ ದುಂಡನೆಯ ನೆರಳು.

"ಇದನ್ನು ಜೋಡಿಸಿದ್ದು ಯಾರು ತಂಗಿ?"

"ಅಲ್ಲಿ ಒಬ್ಬಳು ಅಜ್ಜಿ ಇದ್ದಾಳೆ ಮಾಸ್ತರೇ. ಕಾಯ್ತಾಳೆ."

"ಅವಳು ಎಲ್ಲಿ?"

ಆವತ್ತು ನಿಜ ಹೇಳಿದೆ. ಅವರು ಬೈಯಲಿಲ್ಲ. ಒಳಗೆ ಹೋಗಿ ಒಂದು ಹಳೆಯ ಫೈಲ್ ತಂದರು. ಫಿಲ್ಮ್ ಕಾಲದ ಕಾಂಟ್ಯಾಕ್ಟ್ ಶೀಟ್‌ಗಳು. ಒಂದು ರೋಲಿನ 36 ಫೋಟೋನೂ ಒಂದೇ ಹಾಳೆಯ ಮೇಲೆ, ಸಣ್ಣ ಸಣ್ಣದಾಗಿ, ಕೆಟ್ಟದ್ದೂ ಒಳ್ಳೆಯದೂ ತೆಗೆದ ಕ್ರಮದಲ್ಲೇ. ಒಂದು ಚೌಕದ ಸುತ್ತ ಕೆಂಪು ಪೆನ್ಸಿಲ್ ಗುರುತು. ಅದೇ ಹಾಳೆಯಲ್ಲಿ ಬೇರೊಂದರ ಸುತ್ತ ನೀಲಿ. "ಕೆಂಪು ಆವಾಗಿಂದು. ನೀಲಿ ಇಪ್ಪತ್ತು ವರ್ಷದ ಮೇಲೆ ಹಾಕಿದ್ದು. ಫಿಲ್ಮ್ ಕತ್ತರಿಸಿ ಬಿಸಾಡಿದ್ರೆ ನೀಲಿ ಹಾಕಲಿಕ್ಕೆ ಎಂತ ಇರ್ತಿತ್ತು?" ಅಂದರು.

ಮಳೆ ಮುಗಿದು ನಾನು ದಂಡೆಗೆ ಹೋದಾಗ ಅಜ್ಜಿ ಇರಲಿಲ್ಲ. ಮಗಳು ಅವಳನ್ನು ಗೋವಾಕ್ಕೆ ಕರೆದುಕೊಂಡು ಹೋಗಿದ್ದಳು. ಚಪ್ಪಲಿಗಳು ದಂಡೆಯ ತುಂಬ ಎಲ್ಲೆಂದರಲ್ಲಿ ಬಿದ್ದಿದ್ದವು. ಒಬ್ಬಳು ಮೊಬೈಲನ್ನು ಕೊಟ್ಟೆಯಲ್ಲಿ ಸುತ್ತಿ ತಲೆಯ ಬಟ್ಟೆಯೊಳಗೆ ಸಿಕ್ಕಿಸಿಕೊಂಡು ನೀರಿಗೆ ಇಳಿದಳು. ಎರಡೂ ಕಾರ್ಡನ್ನು ಹುಬ್ಬಳ್ಳಿಯ ಒಂದು ರಿಕವರಿ ಅಂಗಡಿಗೆ ಕೊಟ್ಟೆ. ಒಂದು ಫಾರ್ಮ್ಯಾಟ್ ಆದ ಮೇಲೆ ಹೊಸದು ತೆಗೆಯದಿದ್ದರೆ ಹಳೆಯದು ಸಿಗಬಹುದು. ಆದರೆ ಅದರ ಮೇಲೆ ಮತ್ತೆ ಮತ್ತೆ ತೆಗೆದಿದ್ದರೆ ಹಳೆಯದು ಅಳಿದೇ ಹೋಗುತ್ತದೆ. ಸಿಕ್ಕಿದ್ದು ಹನ್ನೊಂದು ಫೈಲ್, ಹೆಚ್ಚಿನವು ಅರ್ಧಕ್ಕೆ ಬೂದು ಬಣ್ಣ. ಒಂದರಲ್ಲಿ ಮಾತ್ರ ಕೊಡೆಯೂ ಅವಳ ಹಣೆಯೂ ಕಾಣುತ್ತದೆ, ಕಣ್ಣಿನಿಂದ ಕೆಳಗೆ ಬೂದು.

ಆಮೇಲೆ 2024ರಲ್ಲಿ ಅಘನಾಶಿನಿ ಅಳಿವೆಗೆ ರಾಮ್‌ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಅನ್ನುವ ಮಾನ್ಯತೆ ಬಂತು. ಆಗ ಒಬ್ಬರು ನನ್ನನ್ನು ಹುಡುಕಿಕೊಂಡು ಬಂದು, ನಾಲ್ಕೈದು ವರ್ಷದ ಹಿಂದಿನ ದಂಡೆಯ ಫೋಟೋ ಇದ್ದರೆ ಕೊಡಿ, ದಿನದ ಕೆಲಸ ಹೇಗೆ ನಡೆಯುತ್ತಿತ್ತು ಅಂತ ತೋರಿಸಬೇಕು ಅಂದರು. ನನ್ನ ಹತ್ತಿರ ಇದ್ದದ್ದು ಮಂಜು ಮತ್ತು ಒಬ್ಬೊಬ್ಬರೇ ಹೆಂಗಸರು. ದಂಡೆಯೇ ಇರಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಗುರುವಾ ಕೋರ್ಸಾ ಅನ್ನುವುದೇ ತಪ್ಪು ಪ್ರಶ್ನೆ ಅಂತ ನನಗನ್ನಿಸುತ್ತದೆ. ಗುರು ಬೇಕಾಗುವುದು ವಿಷಯ ಹುಡುಕಿ ಕೊಡಲಿಕ್ಕೆ ಅಲ್ಲ. ನೀವು ತೆಗೆದದ್ದರಲ್ಲಿ ನಿಮಗೆ ಕಾಣದ್ದನ್ನು ನೋಡಲಿಕ್ಕೆ. ಅಂದರೆ ಮೊದಲು ತೆಗೆದದ್ದು ಇರಬೇಕು. ನಿಮ್ಮ ಹತ್ತಿರ ಈಗ ಎಷ್ಟಿದೆ ಅಂತ ನೀವು ಬರೆದಿಲ್ಲ. ಐನೂರು ಇಲ್ಲದಿದ್ದರೆ ಯಾವ ಗುರುವೂ ನಿಮಗೆ ಏನೂ ಹೇಳಲಾರ. ಕೋರ್ಸ್ ಕ್ಯಾಮೆರಾ ಕಲಿಸುತ್ತದೆ, ಬೇಕಿದ್ದರೆ ಸೇರಿ. ನಿಮ್ಮ ದಂಡೆಯ ಚಪ್ಪಲಿ ಅದಕ್ಕೆ ಕಾಣುವುದಿಲ್ಲ.

ಇನ್ನೊಂದು. "ಮೀನುಗಾರರ ಬದುಕು" ಬಹಳ ದೊಡ್ಡದಾಯ್ತು. ಟಾಗೋರ್ ಬೀಚಿನಲ್ಲಿ ಸಂಜೆ ಬಲೆ ಬೀಸುವವರ ನೆರಳು ಎಲ್ಲರ ಫೋನಿನಲ್ಲೂ ಇದೆ. ನೀವು ಬೈತಖೋಲಿನ ಮೀನುಗಾರಿಕೆ ಬಂದರಿಗೆ ಹೋಗಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ಫೋಟೋ ತೆಗೆಯುವವರು ಯಾರೂ ಆ ಕಡೆ ಸುಳಿಯುವುದಿಲ್ಲ. ಬಲೆ ಹೊಲಿಯುವವರ ಹತ್ತಿರ ಕೂತುಕೊಳ್ಳಿ. ಮೊದಲ ವಾರ ಕ್ಯಾಮೆರಾ ಚೀಲದಲ್ಲೇ ಇರಲಿ. ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಮತ್ತೆ, ಫೋಟೋ ತೆಗೆದವರಿಗೆ ಪ್ರಿಂಟ್ ಕೊಡದೆ ಎರಡನೇ ಸಲ ಅವರ ಮುಂದೆ ಹೋಗಿ ನಿಲ್ಲಬೇಡಿ. ಇದರಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ.

ಮಾರ್ಗದರ್ಶಕರು ದೊಡ್ಡ ಹೆಸರಿನವರೇ ಆಗಬೇಕಾಗಿಲ್ಲ. ತಾಳ್ಮೆಯಿಂದ ನೋಡುವ ಕಣ್ಣು ಸಾಕು. ಚಿತ್ರ ಬರೆಯುವವರು, ಹಳೆಯ ಸ್ಟುಡಿಯೋದವರು, ಪೇಪರ್‌ಗೆ ಫೋಟೋ ತೆಗೆದು ನಿವೃತ್ತರಾದವರು ನಿಮ್ಮ ಊರಲ್ಲೇ ಇದ್ದಾರೆ. ಕೇಳಲು ಸಂಕೋಚ ಬೇಡ. ಎರಡು ಹಾರ್ಡ್ ಡಿಸ್ಕ್ ತಗೊಳ್ಳಿ, ಎರಡರಲ್ಲೂ ಎಲ್ಲವನ್ನೂ ಇಡಿ, ಒಂದು ಬೇರೆಯವರ ಮನೆಯಲ್ಲಿರಲಿ. ಲೆನ್ಸ್ ತಗೊಳ್ಳುವ ದುಡ್ಡನ್ನು ಮೊದಲು ಇದಕ್ಕೆ ಹಾಕಿ.

ನಾನು ಈಗಲೂ ತಿಂಗಳಿಗೊಮ್ಮೆ ಕೋಡಿಬಾಗಕ್ಕೆ ಹೋಗುತ್ತೇನೆ. ಕೊಡೆ, ಹಣೆ ಮತ್ತು ಬೂದು ಇರುವ ಆ ಫೈಲನ್ನು ಪ್ರಿಂಟ್ ಮಾಡಿಸಿ ಒಯ್ದಿದ್ದೆ. ಮಾಸ್ತರು ಅದನ್ನು ಚೆಲ್ಲಾಪಿಲ್ಲಿ ಚಪ್ಪಲಿಗಳ ಫೋಟೋದ ಪಕ್ಕ ಇಟ್ಟು, ಸರಿಯಾ ಅಂತ ನನ್ನನ್ನೇ ಕೇಳಿದರು. ಇನ್ನೂ ತೀರ್ಮಾನ ಆಗಿಲ್ಲ. ನೀವು ಮೊದಲ ಸಲ ಯಾರ ಮನೆಗಾದರೂ ಹೋಗುವಾಗ 4×6 ಇಂಚಿನ ಪ್ರಿಂಟೇ ಒಯ್ಯಿರಿ, ಫೋನಿನಲ್ಲಿ ತೋರಿಸಬೇಡಿ. ಕೆಟ್ಟದ್ದೂ ಇರಲಿ. ನೆಲದ ಮೇಲೆ ಹಾಸುವ ಮುಂಚೆ ಫ್ಯಾನ್ ಬಂದ್ ಮಾಡಲು ಕೇಳಿಕೊಳ್ಳಿ.