ಇಂಟರ್ನೆಟ್ ಕಂಪನಿ ಕೊಟ್ಟ ರೂಟರ್‌ನಲ್ಲಿ ಡಿಎನ್‌ಎಸ್ ಚೇಂಜ್ ಮಾಡೋಕೆ ಯಾಕೆ ಆಗಲ್ಲ?

ಡಿಎನ್‌ಎಸ್ ಅಂದ್ರೆ ವೆಬ್‌ಸೈಟ್ ಹೆಸ್ರಿಗೆ ಅದರ ಐಪಿ ನಂಬರ್ ಹುಡುಕಿಕೊಡೋ ವ್ಯವಸ್ಥೆ. ಅದು ಚೇಂಜ್ ಆಗ್ತಿಲ್ಲ ಅಂದ್ರೆ ರೂಟರ್ ಕೆಟ್ಟಿಲ್ಲ, ಕಂಪನಿಯವ್ರೇ ಬೇಕಂತ ಲಾಕ್ ಮಾಡಿರ್ತಾರೆ. ಫೈಬರ್ ಬಾಕ್ಸ್‌ಗಳಲ್ಲಿ ಸಾಮಾನ್ಯವಾಗಿ ಎರಡು ಲಾಗಿನ್ ಇರುತ್ತೆ, ಕೆಳಗಡೆ ಸ್ಟಿಕರ್ ಮೇಲಿರೋದು ಬರೀ ಯೂಸರ್ ಲಾಗಿನ್ನು, ಅದ್ರಲ್ಲಿ 192.168.1.1ಗೆ ಹೋದ್ರೆ ವೈಫೈ ಹೆಸ್ರು ಪಾಸ್‌ವರ್ಡ್ ಬದಲಾಯಿಸ್ಬಹುದು ಅಷ್ಟೇ, ಡಿಎನ್‌ಎಸ್, ಬ್ರಿಡ್ಜ್ ಮೋಡ್ (ಬಾಕ್ಸು ರೂಟರ್ ಕೆಲ್ಸ ಬಿಟ್ಟು ಬರೀ ಲೈನ್ ದಾಟಿಸೋದು) ಎಲ್ಲಾ ಅಡ್ಮಿನ್ ಲಾಗಿನ್ ಒಳಗೆ ಕೂತಿರುತ್ತೆ.

ಅಡ್ಮಿನ್ ಪಾಸ್‌ವರ್ಡ್ ಸಿಕ್ರೂ ಮುಗೀಲಿಲ್ಲ. ಟಿಆರ್-069 ಅಂತ 2004ರಲ್ಲಿ ಬಂದ ಸ್ಟ್ಯಾಂಡರ್ಡ್ ಒಂದಿದೆ, ಅದ್ರಿಂದ ಕಂಪನಿ ಸರ್ವರ್ ದೂರದಿಂದ್ಲೇ ನಿಮ್ಮ ಬಾಕ್ಸ್‌ಗೆ ಸೆಟ್ಟಿಂಗು, ಫರ್ಮ್‌ವೇರ್ (ಬಾಕ್ಸ್ ಒಳಗಿನ ಸಾಫ್ಟ್‌ವೇರ್) ಎಲ್ಲಾ ಕಳಿಸ್ಬಹುದು. ನಾನು ಒಂದ್ಸಲ ಕ್ಲೌಡ್‌ಫ್ಲೇರ್ ಕಂಪನಿಯ 1.1.1.1 ಡಿಎನ್‌ಎಸ್ ಹಾಕಿ ಖುಷಿಯಾಗಿ ಮಲಗಿದ್ದೆ, ಬೆಳಗ್ಗೆ ಕರೆಂಟ್ ಹೋಗಿ ಬಂದ್ಮೇಲೆ ನೋಡಿದ್ರೆ ಹಳೇದೇ ವಾಪಸ್ ಬಂದಿತ್ತು! ಅವ್ರ ಕಡೆಯಿಂದ ನೋಡಿದ್ರೆ ನ್ಯಾಯಾನೂ ಇದೆ ಬಿಡಿ, ಯಾರೋ ವಿಲ್ಯಾನ್ ನಂಬರ್ (ಕಂಪನಿ ಲೈನ್‌ಗೆ ಬೇಕಾದ ಒಂದು ಸೆಟ್ಟಿಂಗು) ಅಳಿಸಿ ನೆಟ್ ಇಲ್ಲ ಅಂತ ಫೋನ್ ಮಾಡಿದ್ರೆ ಟೆಕ್ನೀಷಿಯನ್ ಓಡ್ಬೇಕಲ್ಲ. ಆದ್ರೆ ಡಿಎನ್‌ಎಸ್ ಕೂಡ ಮುಚ್ಚಿಡೋದು ಅತಿಯಾಯ್ತು.

ದಯವಿಟ್ಟು ಪಿನ್ ಚುಚ್ಚಿ ರಿಸೆಟ್ ಮಾತ್ರ ಮಾಡ್ಬೇಡಿ, ನೆಟ್‌ಗೆ ಲಾಗಿನ್ ಆಗೋಕೆ ಕಂಪನಿ ಕೊಟ್ಟ ಪಿಪಿಪಿಒಇ ಯೂಸರ್‌ನೇಮೂ ಅಳಿಸಿ ಹೋಗ್ಬಹುದು. ಸ್ವಂತ ರೂಟರ್ ತಂದು ಕಂಪನಿ ಬಾಕ್ಸ್‌ನ ಲ್ಯಾನ್ ಪೋರ್ಟಿಂದ ಹೊಸ ರೂಟರಿನ ವ್ಯಾನ್ (ಇಂಟರ್ನೆಟ್) ಪೋರ್ಟ್‌ಗೆ ಕೇಬಲ್ ಹಾಕಿ, ಡಿಎನ್‌ಎಸ್ ಅಲ್ಲೇ ಬದಲಾಯಿಸಿ. ಕಸ್ಟಮರ್ ಕೇರ್‌ನವ್ರು ಬ್ರಿಡ್ಜ್ ಮೋಡ್ ಮಾಡಿಕೊಟ್ರೆ ಇನ್ನೂ ಒಳ್ಳೇದು, ಇಲ್ಲಾಂದ್ರೆ ಡಬಲ್ ನ್ಯಾಟ್ ಆಗುತ್ತೆ, ಅಂದ್ರೆ ಅಡ್ರೆಸ್ ಬದಲಾಯಿಸೋ ಕೆಲ್ಸ ಎರಡು ರೂಟರಲ್ಲೂ ಆಗುತ್ತೆ, ಬ್ರೌಸಿಂಗ್‌ಗೆ ಏನೂ ಗೊತ್ತಾಗಲ್ಲ, ಹೊರಗಿಂದ ಸಿಸಿಟಿವಿ ನೋಡೋಕೆ ಪೋರ್ಟ್ ಫಾರ್ವರ್ಡ್ ಮಾಡೋರಿಗೆ ತಲೆನೋವು. ಫೋನ್‌ಗೆ ಮಾತ್ರ ಸಾಕಾದ್ರೆ ಆಂಡ್ರಾಯ್ಡ್ 9ರಿಂದೀಚೆಗೆ ಸೆಟ್ಟಿಂಗ್ಸಲ್ಲೇ ಪ್ರೈವೇಟ್ ಡಿಎನ್‌ಎಸ್ ಇದೆ, ರೂಟರ್ ಮುಟ್ಟೋದೇ ಬೇಡ.